ಸೈಕಲ್ ಕೊಟ್ರಿ, ರಿಪೇರಿಗೆ ಜಾಗ ಎಲ್ಲಿ?

ಇವತ್ತು ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ. ಇವತ್ತಿನ ವಿಷಯ ಹತ್ತಡಿ ಅಗಲ, ಹತ್ತಡಿ ಉದ್ದದ ಒಂದು ಜಾಗ.

ಮೊನ್ನೆ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ರು. "ಏನಪ್ಪಾ, ದಿನಾ ವಿಧಾನಸೌಧ ತೋರಿಸ್ತೀಯ. ಒಂದ್ಸಲ ನಮ್ಮೂರ ಕೊಟ್ಟಿಗೆ ತೋರಿಸು" ಅಂದ್ರು. ಕೊಟ್ಟಿಗೇಲಿ ಏನಿದೆ ಮೇಷ್ಟ್ರೇ ಅಂತ ಕೇಳಿದೆ. "ಸರ್ಕಾರ ಕೊಟ್ಟ ಸೈಕಲ್ಲು. ಒಂದಕ್ಕೆ ಚೈನಿಲ್ಲ, ಒಂದಕ್ಕೆ ಟೈರಿಲ್ಲ, ಇನ್ನೊಂದರ ಮೇಲೆ ಸೌದೆ ಒಟ್ಟವ್ರೆ" ಅಂದ್ರು.

ಮೇಷ್ಟ್ರ ಯೋಚನೆ ಸರಳ. ಊರಿನ ನಾಲ್ಕೈದು ಹುಡುಗರನ್ನ ಸೇರಿಸೋದು. ಹಳೇ ಸೈಕಲ್ ಒಟ್ಟುಮಾಡಿ, ಮೂರರಲ್ಲಿ ಒಂದನ್ನ ಓಡೋ ಹಾಗೆ ಮಾಡೋದು. ದೂರದಿಂದ ನಡೆದು ಬರೋ ಮಕ್ಕಳಿಗೆ ಕೊಡೋದು. ಪಂಕ್ಚರ್ ಹಾಕೋದನ್ನ ಮಕ್ಕಳಿಗೇ ಕಲಿಸೋದು. ಲಾಭ ಬೇಡ. ಪಂಪು, ಪಾನಾ, ಸ್ಪೋಕ್ ಕೀ ಎಲ್ಲಾ ಸೇರಿಸಿದಾರೆ. ಚಕ್ರದ ಬೆಂಡ್ ತೆಗೆಯೋ ಹಳೇ ಮೆಕ್ಯಾನಿಕ್ ಒಬ್ಬರು ಕಲಿಸ್ತೀನಿ ಅಂತ ಒಪ್ಪಿದಾರೆ. ಇಲ್ಲದಿರೋದು ಜಾಗ ಮಾತ್ರ. ಅಂಗಡಿ ಕೇಳಿದ ಕಡೆ ಮೊದಲು ಅಡ್ವಾನ್ಸ್ ಮಾತು. ಆಮೇಲೆ ನಗು. "ಲಾಭ ಇಲ್ದೆ ಅಂಗಡಿ ಯಾಕೆ ಮೇಷ್ಟ್ರೇ?" ಅಂತ.

ನಾನು ಇಂಜಿನಿಯರಿಂಗ್ ಓದಿ ಟೀವಿಗೆ ಬಂದವನು. ಲೆಕ್ಕ ಹಾಕದೆ ಬಿಡಲ್ಲ. ಬಾಡಿಗೆ ತಿಂಗಳಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಪಂಕ್ಚರ್‌ಗೆ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಬಾಡಿಗೆಗೇ 150 ಪಂಕ್ಚರ್ ಹಾಕಬೇಕು. ಸೊಲ್ಯೂಷನ್, ಪ್ಯಾಚು, ಕರೆಂಟು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬಾಡಿಗೆ ಕಟ್ಟೋಕೆ ಮಕ್ಕಳ ಹತ್ತಿರ ದುಡ್ಡು ಕೇಳಿದ್ರೆ, ಆ ಅಂಗಡಿ ಯಾಕೆ ಬೇಕಿತ್ತು? ಹೇಳಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 2006-07ರಲ್ಲಿ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಬಂತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಆಗ ಹಣಕಾಸು ಸಚಿವರಾಗಿದ್ದವರು ಬಿ.ಎಸ್. ಯಡಿಯೂರಪ್ಪ. ಅವರು ಹುಟ್ಟಿದ್ದು ಇದೇ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ. ಆಮೇಲೆ ಸರ್ಕಾರಗಳು ಬದಲಾದ್ರೂ ಯೋಜನೆ ಮುಂದುವರೀತು. ಕೋವಿಡ್ ಬಂದಾಗ ನಿಂತಿತು. ಅಷ್ಟು ವರ್ಷ ಗುಣಮಟ್ಟದ ಬಗ್ಗೆ ದೂರು ಬಂತು, ಟೆಂಡರ್ ಬಗ್ಗೆ ಚರ್ಚೆ ಆಯ್ತು. ಆದ್ರೆ ಕೆಟ್ಟ ಸೈಕಲ್ ಎಲ್ಲಿ ರಿಪೇರಿ ಆಗ್ಬೇಕು ಅನ್ನೋ ಮಾತು ಎಷ್ಟು ಜನ ಎತ್ತಿದ್ರು?

ಸೈಕಲ್ ಅಂದ್ರೆ ಸಣ್ಣ ವಿಷಯ ಅಲ್ಲ ಸ್ವಾಮಿ. ಬಿಹಾರದಲ್ಲೂ 2006ರಲ್ಲೇ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಶುರುವಾಯ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ. 32ರಷ್ಟು ಹೆಚ್ಚಿತ್ತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರ ಇದ್ದ ಊರುಗಳಲ್ಲೇ ಪರಿಣಾಮ ಹೆಚ್ಚು. ಅಂದ್ರೆ, ಹೊಸ ಸೈಕಲ್ ಮಗೂನ ಶಾಲೆಗೆ ಕರ್ಕೊಂಡು ಹೋಗುತ್ತೆ. ಆ ಸೈಕಲ್ ಕೆಟ್ಟು ಕೊಟ್ಟಿಗೆ ಸೇರಿದ ದಿನ ಮಗು ಎಲ್ಲಿಗೆ ಹೋಗುತ್ತೆ?

"ಈಗ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ" ಅಂತೀರಿ. ನಿಜ. 2023ರ ಜೂನ್ 11ರಿಂದ ಇದೆ, ಬಹಳ ಜನಕ್ಕೆ ಅನುಕೂಲ ಆಗಿದೆ. ಆದ್ರೆ ಬಸ್ಸು ಮೇನ್ ರೋಡಲ್ಲಿ ನಿಲ್ಲುತ್ತೆ. ಒಳಗಿನ ಊರಿಂದ ಮೇನ್ ರೋಡಿಗೆ ಬರೋದು ಹೇಗೆ? ಸ್ಪೆಷಲ್ ಕ್ಲಾಸ್ ಮುಗಿಸಿ ಸಂಜೆ ಹೊತ್ತು ಮೀರಿದ್ರೆ ವಾಪಸ್ ಹೋಗೋದು ಹೇಗೆ? ಗಂಡುಮಕ್ಕಳ ಕಥೆ ಏನು?

ಜಾಗ ಕೊಡೋದು ಹೊಸ ಮಾತೇನಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಅಂತ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. 450 ಸೈಕಲ್ಲು, ಅವುಗಳನ್ನ ನಿಲ್ಲಿಸೋಕೆ 48 ನಿಲ್ದಾಣ. ನಗರದಲ್ಲಿ 48 ಕಡೆ ಜಾಗ ಸಿಕ್ತು. ಹೋಬಳಿಯಲ್ಲಿ ಒಂದು ಕಡೆ ಸಿಗಲ್ವಾ? ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇಂಥದ್ದೇ ಒಂದು ಸೈಕಲ್ ಮನೆ 2002ರಲ್ಲಿ ಶುರುವಾಯ್ತು. ಎಲ್ಲಿ ಗೊತ್ತಾ? ಒಂದು ವಸತಿ ಕಟ್ಟಡದಲ್ಲಿ ಬಳಸದೇ ಬಿಟ್ಟಿದ್ದ ಅಡುಗೆಮನೆಯಲ್ಲಿ! ಇವತ್ತಿಗೂ ಅದರ ಹೆಸರು 'ಬೈಸಿಕಲ್ ಕಿಚನ್'. ಅವರು ಮೊದಲು ಹುಡುಕಿದ್ದು ಬಾಡಿಗೆ ಅಂಗಡಿ ಅಲ್ಲ, ಖಾಲಿ ಬಿದ್ದಿದ್ದ ಜಾಗ.

ನಮ್ಮಲ್ಲಿ ಏನಾಗ್ತಿದೆ? ಪಂಚಾಯಿತಿ ಮಳಿಗೆ ಹರಾಜಿಗೆ ಬರುತ್ತೆ. ಹೆಚ್ಚು ಕೂಗಿದವರಿಗೆ ಮಳಿಗೆ. ಪಂಚಾಯಿತಿಗೂ ಆದಾಯ ಬೇಕು, ಅದು ತಪ್ಪಲ್ಲ. ಆದ್ರೆ ಆ ಕೂಗಿನಲ್ಲಿ ಮೇಷ್ಟ್ರು ಗೆಲ್ಲೋಕೆ ಸಾಧ್ಯವೇ ಇಲ್ಲ. ಹಾಗಂತ ಎಲ್ಲವನ್ನೂ ಹರಾಜಿನಲ್ಲೇ ಕೊಡ್ತೀವಾ? ಇಲ್ಲ. ಊರಿನ ಗ್ರಂಥಾಲಯಕ್ಕೆ ಬಾಡಿಗೆ ಲಾಭ ನೋಡಲ್ಲ. 2023ರ ನಂತರ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂತು. ಕೂಲಿಗೆ ಹೋಗೋ ತಾಯಂದಿರ ಮಕ್ಕಳನ್ನ ನೋಡಿಕೊಳ್ಳೋಕೆ ಜಾಗ ಹುಡುಕಿದ್ರು, ಸಿಕ್ತು. ಮನಸ್ಸು ಮಾಡಿದ್ರೆ ಸಿಗುತ್ತೆ.

ಅದಕ್ಕೇ ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು. ಅಂಗಡಿ ಹುಡುಕಬೇಡಿ, ಗಂಟೆ ಹುಡುಕಿ. ಶನಿವಾರ ಬೆಳಿಗ್ಗೆ ಶಾಲೆ, ಮಧ್ಯಾಹ್ನ ಅಂಗಳ ಖಾಲಿ. ರಿಪೇರಿ ಆಗಬೇಕಾದ ಸೈಕಲ್ಲೂ ಅಲ್ಲಿಗೇ ಬರುತ್ತೆ, ಕಲಿಯೋ ಮಕ್ಕಳೂ ಅಲ್ಲೇ ಇರ್ತಾರೆ. ಹಾಲಿನ ಡೈರಿ ಬೆಳಿಗ್ಗೆ ಸಂಜೆ ಗಿಜಿಗುಡುತ್ತೆ, ನಡುಮಧ್ಯಾಹ್ನ ಬಿಕೋ ಅನ್ನುತ್ತೆ. ಗ್ರೀಸು ಹಾಲಿನ ಹತ್ತಿರ ಹೋಗಬಾರದು, ಒಪ್ಪಿದೆ. ಹೊರಗಿನ ಜಗಲಿ ಸಾಕಲ್ಲ! ಬೇಕಾಗಿರೋದು ಸಾಮಾನಿಡೋಕೆ ಒಂದು ಕಬ್ಬಿಣದ ಟ್ರಂಕು, ಅದಕ್ಕೊಂದು ಬೀಗ.

ಮೇಷ್ಟ್ರು ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ಅಂದ್ರು, "ಜಾಗ ಸಿಗಬಹುದಪ್ಪಾ. ಬೀಗದ ಕೈ ಯಾರು ಇಟ್ಕೋತಾರೆ? ಏನಾದ್ರೂ ಕಳುವಾದ್ರೆ ನಾನು ಹೊಣೆ ಅಲ್ಲ ಅಂತ ಎಲ್ಲರೂ ಕೈ ತೊಳ್ಕೋತಾರೆ."

ಅನುಭವದ ಮಾತು. ಖಾಲಿ ಕೋಣೆಗೆ ನಮ್ಮಲ್ಲಿ ಬರ ಇಲ್ಲ. ಕೈ ಇಟ್ಟುಕೊಳ್ಳೋ ಧೈರ್ಯಕ್ಕೆ ಬರ. ಅದಕ್ಕೆ ಬಾಯಿಮಾತಿನ ಒಪ್ಪಿಗೆ ಸಾಲದು. ಹೆಡ್‌ಮಾಸ್ಟರಿಗೆ ವರ್ಗ ಆದ ದಿನ ಬಾಯಿಮಾತೂ ವರ್ಗ ಆಗುತ್ತೆ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೀಬೇಕು. ಅಲ್ಲಿ ಎದ್ದು ನಿಂತು ಕೇಳಿ. ಯಾವ ಜಾಗ, ಯಾವ ದಿನ, ಎಷ್ಟು ಹೊತ್ತು, ಕೈ ಯಾರ ಹತ್ತಿರ, ನಷ್ಟ ಆದ್ರೆ ಯಾರ ಹೊಣೆ ಅನ್ನೋದು ನಡಾವಳಿ ಪುಸ್ತಕದಲ್ಲಿ ಬರೆಸಿ. ಕಲಿಸೋ ಮೆಕ್ಯಾನಿಕ್‌ಗೆ ಅವತ್ತಿನ ಕೂಲಿ ಕೊಡಿ. ಅವರ ಹೊಟ್ಟೆ ಮೇಲೆ ಹೊಡೆದು ಸೇವೆ ಮಾಡೋದು ಬೇಡ.

ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಪಿಡಿಒ ಅವರೇ, ಎಸ್‌ಡಿಎಂಸಿಯವರೇ, ನಿಮ್ಮನ್ನ ಯಾರೂ ಕೋಟಿ ಕೇಳ್ತಿಲ್ಲ. ವಾರಕ್ಕೆ ಮೂರು ಗಂಟೆ ಕೇಳ್ತಿದಾರೆ. ಹೊಸ ಸೈಕಲ್ ಕೊಡೋವಾಗ ಫೋಟೋಗೆ ನಿಲ್ತೀವಲ್ಲ, ಕೆಟ್ಟ ಸೈಕಲ್ ಪಕ್ಕದಲ್ಲೂ ಒಂದ್ಸಲ ನಿಲ್ಲೋಣ.

ಮೇಷ್ಟ್ರು ಮುಂದಿನ ಗ್ರಾಮಸಭೆಗೆ ಹೋಗ್ತೀನಿ ಅಂದಿದಾರೆ. ಏನಾಯ್ತು ಅಂತ ನಾನು ಫೋನ್ ಮಾಡಿ ಕೇಳ್ತೀನಿ. ನೀವು ನಿಮ್ಮೂರಿನ ಕೊಟ್ಟಿಗೆ ಒಂದ್ಸಲ ನೋಡಿ.