ವಿಯೆಟ್ನಾಮಿನ ಅಂಕ ಮತ್ತು ಲೆಕ್ಕಕ್ಕೆ ಸಿಗದ ಮಕ್ಕಳು



1817ರಲ್ಲಿ ಪ್ಯಾರಿಸ್ಸಿನ ಮಾರ್ಕ್-ಆಂಟ್ವಾನ್ ಜೂಲಿಯನ್ ಎಂಬಾತ ಒಂದು ಕಿರುಹೊತ್ತಿಗೆಯನ್ನು ಪ್ರಕಟಿಸಿದ. ಯೌವನದಲ್ಲಿ ರೋಬ್‌ಸ್ಪಿಯರನ ದೂತನಾಗಿ ಫ್ರೆಂಚ್ ಕ್ರಾಂತಿಯ ಬಿಸಿಯನ್ನು ಹತ್ತಿರದಿಂದ ಕಂಡವನು ಈತ. ಯುರೋಪಿನ ದೇಶಗಳಿಗೆ ಒಂದೇ ಬಗೆಯ ಪ್ರಶ್ನಾವಳಿಯನ್ನು ಕಳುಹಿಸಬೇಕು, ಶಾಲೆಗಳೆಷ್ಟು, ಶಿಕ್ಷಕರೆಷ್ಟು, ಮಕ್ಕಳು ಯಾವ ವಯಸ್ಸಿಗೆ ಸೇರುತ್ತಾರೆ ಎಂಬ ಉತ್ತರಗಳನ್ನು ಕೋಷ್ಟಕಗಳಲ್ಲಿ ತುಂಬಿ ಅಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ಅವನ ಯೋಜನೆ. ತೌಲನಿಕ ಶಿಕ್ಷಣ ಅಧ್ಯಯನದ ಮೂಲಪುರುಷನೆಂದು ಅವನನ್ನು ಕರೆಯುವುದು ಇದಕ್ಕೇ. ಅವನ ಕಾಲದಲ್ಲಿ ಆ ಯೋಜನೆ ಕೈಗೂಡಲಿಲ್ಲ.

ಜೂಲಿಯನ್ ಕನಸು ಕಂಡ ಕೋಷ್ಟಕ ಇಂದು ಬಿ.ಎಡ್. ವಿದ್ಯಾರ್ಥಿಯ ಮೊಬೈಲಿನಲ್ಲೇ ತೆರೆದುಕೊಳ್ಳುತ್ತದೆ. ಯುನೆಸ್ಕೋದ ಅಂಕಿಅಂಶ ಸಂಸ್ಥೆ, ವಿಶ್ವಬ್ಯಾಂಕ್, ಓಇಸಿಡಿ ಇವೆಲ್ಲ ತಮ್ಮ ಭಂಡಾರವನ್ನು ಬಿಟ್ಟಿಯಾಗಿಯೇ ತೆರೆದಿಟ್ಟಿವೆ. ಇವುಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಓಇಸಿಡಿಯ ‘ಪಿಸಾ’ ಪರೀಕ್ಷೆ. 2000ದಲ್ಲಿ ಆರಂಭವಾದ ಇದು 15 ವರ್ಷದ ವಿದ್ಯಾರ್ಥಿಗಳ ಓದು, ಗಣಿತ, ವಿಜ್ಞಾನಗಳ ಸಾಮರ್ಥ್ಯವನ್ನು ಅಳೆಯುತ್ತದೆ. ಇದರ ಅಂಕಿಗಳಿಗೆಂದೇ ‘ಇಂಟರ್‌ನ್ಯಾಷನಲ್ ಡೇಟಾ ಎಕ್ಸ್‌ಪ್ಲೋರರ್’ ಎಂಬ ಸಾಧನವಿದೆ. ದೇಶಗಳನ್ನು ಆರಿಸಿ, ವಿಷಯವನ್ನು ಆರಿಸಿ ಗುಂಡಿ ಒತ್ತಿದರೆ ಸರಾಸರಿಯೂ ಅದರ ಪಕ್ಕದಲ್ಲೇ ಸಂಭವನೀಯ ದೋಷದ ಪ್ರಮಾಣವೂ ಬರುತ್ತದೆ. ಪ್ರತಿ ವಿದ್ಯಾರ್ಥಿ ಒಟ್ಟು ಪ್ರಶ್ನೆಗಳಲ್ಲಿ ಒಂದು ಭಾಗವನ್ನಷ್ಟೇ ಉತ್ತರಿಸಿರುವುದರಿಂದ ಹಿಂದೆ ಬಹಳ ಜಟಿಲವಾದ ಲೆಕ್ಕಾಚಾರ ನಡೆದಿರುತ್ತದೆ. ಆ ತಲೆನೋವನ್ನು ಯಂತ್ರವೇ ಹೊತ್ತುಕೊಂಡಿದೆ.

ತೊಂದರೆ ಶುರುವಾಗುವುದೂ ಈ ಸುಲಭದಿಂದಲೇ.

2012ರ ಸುತ್ತಿನಲ್ಲಿ ವಿಯೆಟ್ನಾಂ ಮೊದಲ ಸಲ ಪಿಸಾದಲ್ಲಿ ಭಾಗವಹಿಸಿತು. ಗಣಿತದಲ್ಲಿ ಅದಕ್ಕೆ ಬಂದದ್ದು 511 ಅಂಕ. ಓಇಸಿಡಿ ದೇಶಗಳ ಸರಾಸರಿ 494, ಅಮೆರಿಕದ್ದು 481. ವಿಜ್ಞಾನದಲ್ಲಿ ವಿಯೆಟ್ನಾಂ 528ಕ್ಕೆ ಏರಿತ್ತು. ದಶಕಗಳ ಯುದ್ಧದಿಂದ ಜರ್ಜರಿತವಾಗಿದ್ದ ಬಡ ದೇಶವೊಂದು ಶ್ರೀಮಂತರನ್ನು ಹಿಂದೆ ಹಾಕಿದ ಕಥೆ ಯಾರಿಗೆ ತಾನೆ ಇಷ್ಟವಾಗದು? ಸುದ್ದಿ ಲೋಕವೆಲ್ಲ ಹರಡಿತು.

ಆದರೆ ಅದೇ ವರದಿಯ ಅನುಬಂಧದಲ್ಲಿ, ಅವಸರದ ಓದುಗರು ತಲುಪದ ಪುಟಗಳಲ್ಲಿ, ಇನ್ನೊಂದು ಅಂಕಿ ಇತ್ತು. ದೇಶದ 15 ವರ್ಷದ ಎಲ್ಲ ಮಕ್ಕಳಲ್ಲಿ ಎಷ್ಟು ಮಂದಿಯನ್ನು ಈ ಮಾದರಿ ಪ್ರತಿನಿಧಿಸುತ್ತದೆ ಎಂಬುದರ ಲೆಕ್ಕ ಅದು. ವಿಯೆಟ್ನಾಮಿನಲ್ಲಿ ಅದು ಶೇ. 56 ಮಾತ್ರ. ಪಿಸಾ ಪರೀಕ್ಷಿಸುವುದು ಶಾಲೆಯಲ್ಲಿರುವ, ಅದೂ ಏಳನೇ ತರಗತಿ ಅಥವಾ ಅದಕ್ಕೂ ಮೇಲಿರುವ ಮಕ್ಕಳನ್ನು. ಗದ್ದೆಗೆ, ಅಂಗಡಿಗೆ ದುಡಿಯಲು ಹೋದ ಹುಡುಗ, ಓದು ಬಿಟ್ಟು ಮನೆಯಲ್ಲುಳಿದ ಹುಡುಗಿ 511ರಲ್ಲಿ ಇಲ್ಲ. ಅವರು ದಡ್ಡರೆಂದಲ್ಲ, ಅವರನ್ನು ಯಾರೂ ಕೇಳಿಲ್ಲ ಅಷ್ಟೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಶಾಲೆಯಲ್ಲಿರುವ ದೇಶದೊಂದಿಗೆ ಈ ಸರಾಸರಿಯನ್ನು ನೇರವಾಗಿ ತೂಗಿದರೆ ತಕ್ಕಡಿಯೇ ಓರೆಯಾಗುತ್ತದೆ. 2022ರ ಸುತ್ತಿಗೆ ಈ ಪ್ರಮಾಣ ಶೇ. 68ಕ್ಕೆ ಏರಿತು, ಗಣಿತದ ಅಂಕ 469ಕ್ಕೆ ಇಳಿಯಿತು. ನಡುವೆ ಕೋವಿಡ್ ಕೂಡ ಬಂದು ಹೋಗಿತ್ತು. ಇಳಿಕೆಯಲ್ಲಿ ಯಾವುದರ ಪಾಲು ಎಷ್ಟೆಂದು ಈ ಎರಡು ಅಂಕಿಗಳಿಂದ ಹೇಳಲಾಗದು.

ಹಾಗಾದರೆ ವಿಯೆಟ್ನಾಮಿನ ಸಾಧನೆ ಬರೀ ಭ್ರಮೆಯೇ? ಹಾಗೆ ತೀರ್ಮಾನಿಸುವುದೂ ಅವಸರವೇ. ಇಲ್ಲಿ ನೆರವಿಗೆ ಬರುವುದು ಇನ್ನೊಂದು ಮುಕ್ತ ದತ್ತಾಂಶ, ಬ್ರಿಟನ್ನಿನ ಆಕ್ಸ್‌ಫರ್ಡಿನಿಂದ ನಡೆಯುವ ‘ಯಂಗ್ ಲೈವ್ಸ್’ ಅಧ್ಯಯನ. ಇಥಿಯೋಪಿಯ, ಪೆರು, ವಿಯೆಟ್ನಾಂ ಮತ್ತು ನಮ್ಮ ನೆರೆಯ ಅವಿಭಜಿತ ಆಂಧ್ರಪ್ರದೇಶದ ಸುಮಾರು 12,000 ಮಕ್ಕಳನ್ನು ಇದು 2002ರಿಂದ ಹಿಂಬಾಲಿಸಿದೆ. ಇವರು ಹೋಗುವುದು ಶಾಲೆಗಲ್ಲ, ಮನೆಗೆ. ಹಾಗಾಗಿ ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಸಿಗುತ್ತದೆ.

ಅರ್ಥಶಾಸ್ತ್ರಜ್ಞ ಅಭಿಜಿತ್ ಸಿಂಗ್ ಈ ದತ್ತಾಂಶವನ್ನೇ ಬಳಸಿ ನಾಲ್ಕೂ ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸಿ 2020ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಐದನೇ ವಯಸ್ಸಿನಲ್ಲಿ, ಅಂದರೆ ಶಾಲೆಯ ಹೊಸ್ತಿಲಲ್ಲಿ, ಮಕ್ಕಳ ನಡುವೆ ಇದ್ದ ಅಂತರ ದೊಡ್ಡದಲ್ಲ. ಎಂಟನೇ ವಯಸ್ಸಿಗೆ ಅದು ಬಹಳ ಹಿಗ್ಗಿತ್ತು. ಪ್ರಾಥಮಿಕ ಶಾಲೆಯ ಒಂದು ವರ್ಷ ವಿಯೆಟ್ನಾಮಿನ ಮಗುವಿಗೆ ಕಲಿಸುವುದು ಉಳಿದ ಮೂರು ಕಡೆಗಿಂತ ಹೆಚ್ಚು ಎಂಬುದು ಅವರ ನಿರ್ಣಯ. ಪಿಸಾ ಉಬ್ಬಿಸಿ ತೋರಿಸಿದ್ದರ ಒಳಗೂ ಒಂದು ನಿಜ ಇತ್ತು. ಅದು ಹೊಳೆದದ್ದು ಬಿಟ್ಟುಹೋದವರನ್ನು ಸೇರಿಸಿಕೊಂಡ ಮೇಲೆ.

ಭಾರತದ ಮಗುವನ್ನು ವಿಯೆಟ್ನಾಮಿನ ಮಗುವಿನ ಪಕ್ಕ ಇಟ್ಟು ನೋಡಬೇಕೆನ್ನುವವರಿಗೆ ಪಿಸಾದ ಸಾಧನದಲ್ಲಿ ಸಿಗುವುದು ಅಷ್ಟಕ್ಕಷ್ಟೇ. 2009ರ ಸುತ್ತಿನ ವಿಸ್ತರಣೆಯಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಭಾಗವಹಿಸಿ ಪಟ್ಟಿಯ ಬುಡಕ್ಕೆ ಬಂದವು. ಪ್ರಶ್ನೆಗಳು ಇಲ್ಲಿನ ಬದುಕಿಗೆ ಹೊಂದುವುದಿಲ್ಲ ಎಂಬ ಆಕ್ಷೇಪದೊಂದಿಗೆ ಭಾರತ ದೂರ ಸರಿಯಿತು. ಮತ್ತೆ ಸೇರುವುದಾಗಿ 2019ರಲ್ಲಿ ಒಪ್ಪಿಕೊಂಡರೂ 2022ರ ಸುತ್ತಿನಲ್ಲಿ ಭಾಗವಹಿಸಲಿಲ್ಲ. ಹೀಗಾಗಿ ಹೋಲಿಕೆಗೆ ಉಳಿದಿರುವ ಒಳ್ಳೆಯ ದಾರಿಗಳಲ್ಲಿ ಆಂಧ್ರ, ತೆಲಂಗಾಣದ ಆ ಮನೆಮನೆಯ ದಾಖಲೆಯೂ ಒಂದು. ಅದು ಇಡೀ ಭಾರತವನ್ನು ಪ್ರತಿನಿಧಿಸುವ ಮಾದರಿಯಲ್ಲ, ಸುಮಾರು ಮೂರು ಸಾವಿರ ಮಕ್ಕಳದು. ರಾಯಚೂರು, ಬಳ್ಳಾರಿಯ ಅಧ್ಯಾಪಕರೊಬ್ಬರು ಅದನ್ನು ತೆರೆದು ನೋಡಿದರೆ ಗಡಿಯಾಚೆಯ ಆ ಮಕ್ಕಳ ಬದುಕು ತೀರ ಅಪರಿಚಿತವೆನಿಸದು.