ಜರ್ಮನಿಯಲ್ಲಿ ಉಂಡ ಪೋಲೆಂಡಿನ ಊಟ

ಪರದೇಶಕ್ಕೆ ಹೋಗಿಬಂದವರನ್ನು ನಮ್ಮ ಜನ ಮೊದಲು ಕೇಳುವುದು, "ಅಲ್ಲಿ ಊಟಕ್ಕೇನು ಮಾಡಿದಿರಿ?" ಎಂದು. ಕೆಲಸದ ನಿಮಿತ್ತ ನಾನು ಜರ್ಮನಿಯ ಬೋಖುಮ್ ಎಂಬ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಮನಸಾರೆ ಉಂಡದ್ದು ಪೋಲೆಂಡಿನ ಊಟ ಎಂದು ಉತ್ತರ ಕೊಟ್ಟರೆ, ಕೇಳಿದವರು ನನಗೆ ಭೂಗೋಳ ಬಾರದೆಂದು ತಿಳಿಯುತ್ತಾರೆ. ನೀವೂ ಹಾಗೆ ತಿಳಿಯುವುದಕ್ಕೆ ಮೊದಲು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜರ್ಮನಿಯ ಯಾವ ಪೇಟೆಗಾದರೂ ಹೋಗಿ. ಇಟಲಿಯವರ ಪಿಟ್ಸಾ ಅಂಗಡಿ, ಗ್ರೀಕರ ಹೋಟೆಲು, ತುರ್ಕಿಯವರ ಮಾಂಸದ ರೊಟ್ಟಿಯ ಅಂಗಡಿ ಇದ್ದೇ ಇರುತ್ತವೆ. ಪೋಲೆಂಡಿನ ಮೂಲದವರು ಆ ದೇಶದಲ್ಲಿ ಸುಮಾರು 20 ಲಕ್ಷ ಮಂದಿ ಇದ್ದಾರೆ. ಆದರೂ ಪೋಲಿಷ್ ಹೋಟೆಲು ಬೇಕೆಂದರೆ ವಿಳಾಸ ಹಿಡಿದು ಹುಡುಕಬೇಕು. ಇಷ್ಟು ಜನರ ಅಡಿಗೆ ಎಲ್ಲಿ ಅಡಗಿ ಕುಳಿತಿದೆ?

ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಡನೆ, 1960ರಲ್ಲಿ ಗ್ರೀಸಿನೊಡನೆ, 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ಅವರು ಪರದೇಶದವರಾಗಿಯೇ ಬಂದರು; ಕೆಲವರು ಅಂಗಡಿ ಹಾಕಿ ತಮ್ಮ ಊರಿನ ಅಡಿಗೆಯನ್ನೇ ಮಾರಿದರು. ಪೋಲರ ಕಥೆ ಬೇರೆ. 19ನೆಯ ಶತಮಾನದ ಕೊನೆಯಲ್ಲಿ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ಅದರ ಪಶ್ಚಿಮದ ಪಾಲು ಪ್ರಷ್ಯದ ಕೈಯಲ್ಲಿತ್ತು. ಅಲ್ಲಿಂದ ಲಕ್ಷಗಟ್ಟಲೆ ಜನ ರೂರ್ ಪ್ರಾಂತದ ಕಲ್ಲಿದ್ದಲ ಗಣಿಗಳಿಗೆ ಬಂದಿಳಿದರು. ಬೋಖುಮೇ ಅವರ ಕೇಂದ್ರ. 1890ರಿಂದ ಅಲ್ಲಿ ಪೋಲಿಷ್ ಭಾಷೆಯ ಪತ್ರಿಕೆಯೊಂದು ಹೊರಡುತ್ತಿತ್ತು. 1908ರ ಕಾನೂನು ಸಾರ್ವಜನಿಕ ಸಭೆಗಳಲ್ಲಿ ಜರ್ಮನ್ ಭಾಷೆಯನ್ನೇ ಆಡಬೇಕೆಂದಿತು. 1939ರಲ್ಲಿ ಯುದ್ಧ ಬಂದಾಗ ಪೋಲಿಷ್ ಸಂಘಗಳಿಗೆ ಬೀಗ ಬಿದ್ದು, ಮುಂದಾಳುಗಳು ಅನೇಕರು ಸೆರೆಶಿಬಿರಗಳಿಗೆ ಹೋದರು. 1980ರ ದಶಕದಲ್ಲಿ ಸಿಲೇಸಿಯ ಪ್ರಾಂತದಿಂದ ಬಂದ ಇನ್ನೊಂದು ದೊಡ್ಡ ಗುಂಪಿಗೆ, ಅವರು ಜರ್ಮನ್ ಮೂಲದವರೆಂಬ ಆಧಾರದ ಮೇಲೆ ಪೌರತ್ವ ಸಿಕ್ಕಿತು. ಕಾಗದದಲ್ಲಿ ಜರ್ಮನರಾದವರು ಬೀದಿಯಲ್ಲಿ ಪೋಲಿಷ್ ಅಡಿಗೆಯ ಫಲಕ ತೂಗುಹಾಕುವುದು ಹೇಗೆ?

ಇನ್ನೊಂದು ಮಾತುಂಟು. ಜರ್ಮನರಲ್ಲಿ "ಪೋಲ್ನಿಷೆ ವಿರ್ಟ್‌ಶಾಫ್ಟ್" ಎಂಬ ಹಳೆಯ ಕುಹಕದ ನುಡಿಯಿದೆ. ಪೋಲರ ಸಂಸಾರ, ಅಂದರೆ ಅಸ್ತವ್ಯಸ್ತ ಎಂದರ್ಥ. ತಮಾಷೆಯೆಂದರೆ "ವಿರ್ಟ್‌ಶಾಫ್ಟ್" ಎಂದರೆ ಊಟ ಸಿಗುವ ಪಾನಗೃಹ ಎಂದೂ ಆಗುತ್ತದೆ! ಅಂಥ ಹೆಸರಿನಡಿ ಹೋಟೆಲು ತೆರೆಯುವವನಿಗೆ ಗುಂಡಿಗೆ ಬೇಕು.

ನಾನು ಮೊದಲು ಹೋದದ್ದು ಪಕ್ಕದ ಊರಿನ ಒಂದು ಪೋಲಿಷ್ ಹೋಟೆಲಿಗೆ. "ಪಿಯೆರೋಗಿ ರುಸ್ಕಿಯೆ" ಎಂಬುದರಲ್ಲಿ ಆಲೂಗೆಡ್ಡೆ, ಗಿಣ್ಣು, ಈರುಳ್ಳಿ ಮಾತ್ರ ಎಂದು ಓದಿಕೊಂಡು ಧೈರ್ಯವಾಗಿ ತರಿಸಿದೆ. ನಮ್ಮ ಕರಿಗಡುಬಿನ ತಮ್ಮನಂತೆ ಅರ್ಧಚಂದ್ರಾಕಾರದ ಕಡುಬುಗಳು ಬಂದವು. ಕರಿದದ್ದಲ್ಲ, ನೀರಿನಲ್ಲಿ ಬೇಯಿಸಿದ್ದು. ಆದರೆ ಮೇಲೆ ಹುರಿದ ಹಂದಿಯ ಕೊಬ್ಬಿನ ಚೂರುಗಳನ್ನು ಧಾರಾಳವಾಗಿ ಉದುರಿಸಿದ್ದರು! ಬಡಿಸಿದ ಹುಡುಗನಿಗೆ ಹೇಳಿದೆ. "ಅದು ಒಳಗಿಲ್ಲವಲ್ಲ, ಮೇಲೆ ತಾನೇ ಇರುವುದು" ಎಂದ. ತರ್ಕ ಸರಿಯಾಗಿಯೇ ಇತ್ತು. ಅಂದು ಬ್ರೆಡ್ಡು ತಿಂದು ಮನೆಗೆ ಬಂದೆ. "ರುಸ್ಕಿಯೆ" ಎಂದರೆ ರಷ್ಯದ್ದಲ್ಲ, ರುಥೇನಿಯ ಎಂಬ ಸೀಮೆಯದು. ಅದರ ಬಹುಪಾಲು ಇಂದು ಉಕ್ರೇನಿನಲ್ಲಿದೆ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದ ಮೇಲೆ ಪೋಲೆಂಡಿನ ಕೆಲವು ಹೋಟೆಲುಗಳು ಕಡುಬಿನ ಹೆಸರನ್ನೇ "ಉಕ್ರೇನಿನದು" ಎಂದು ತಿದ್ದಿಕೊಂಡವು.

ಹೋಟೆಲಿಗಿಂತ ಹೆಚ್ಚು ಕಲಿಸಿದ್ದು ಪೋಲಿಷ್ ದಿನಸಿ ಅಂಗಡಿ. ಪೋಲೆಂಡ್ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿತು. 2011ರಿಂದ ಅಲ್ಲಿಯವರು ಜರ್ಮನಿಯಲ್ಲಿ ತಡೆಯಿಲ್ಲದೆ ಕೆಲಸ ಮಾಡಬಹುದಾಯಿತು. ಜನರೊಡನೆ ಸರಕೂ ಬಂತು. ಸಬ್ಬಸಿಗೆ, ಬೆಳ್ಳುಳ್ಳಿ ಹಾಕಿ ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆಕಾಯಿಯನ್ನು ಕಂಡು, ಊರಿನ ಉಪ್ಪಿನಕಾಯಿ ಭರಣಿ ನೆನಪಾಯಿತು. "ಝುರೆಕ್" ಎಂಬ ಸಾರಿನ ಹುಳಿಯೂ ಸೀಸೆಯಲ್ಲಿ ಸಿಗುತ್ತದೆ. ರೈ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಬೆಳ್ಳುಳ್ಳಿ ಹಾಕಿ, ನಾಲ್ಕೈದು ದಿನ ಬೆಚ್ಚಗಿಟ್ಟರೆ ಅದು ಹುಳಿಯಾಗುತ್ತದೆ. ಅಂಬಲಿ ಕುಡಿದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದು ಇದಕ್ಕೆ ಮೊಟ್ಟೆ, ಮಾಂಸ ಹಾಕುತ್ತಾರೆ. ಹಿಂದೆ ಇದು ಈಸ್ಟರಿಗೆ ಮುಂಚಿನ ಉಪವಾಸದ ಆಹಾರ. ವಾರಗಟ್ಟಲೆ ಅದನ್ನೇ ಕುಡಿದು ಬೇಸತ್ತ ಹಳ್ಳಿಗರು, ಉಪವಾಸ ಮುಗಿಯುವ ಹೊತ್ತಿಗೆ ಝುರೆಕ್ಕಿನ ಮಡಕೆಯನ್ನು ಊರ ಹೊರಗೆ ಹೂಳಿ ಅದಕ್ಕೆ ಉತ್ತರಕ್ರಿಯೆಯನ್ನೇ ಮಾಡುತ್ತಿದ್ದರಂತೆ!

ಇನ್ನು ಮನೆಯ ಊಟಕ್ಕೆ ಬರುತ್ತೇನೆ. ನನ್ನ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎರಡು ವರ್ಷ ಮೆಟ್ಟಿಲಲ್ಲಿ ನಮಸ್ಕಾರಕ್ಕೆ ಪ್ರತಿನಮಸ್ಕಾರ, ಅಷ್ಟೆ. ಜರ್ಮನರೆಂದೇ ತಿಳಿದಿದ್ದೆ. ಒಂದು ಡಿಸೆಂಬರ್ 24ರಂದು ಊರಿನಿಂದ ನನಗೊಂದು ಪೊಟ್ಟಣ ಬಂದಿತ್ತು. ನಾನಿಲ್ಲದಾಗ ಅಂಚೆಯವನು ಅದನ್ನು ಅಜ್ಜಿಗೆ ಕೊಟ್ಟು ಹೋಗಿದ್ದ. ಅಂದು ಮಧ್ಯಾಹ್ನಕ್ಕೇ ಅಂಗಡಿಗಳೆಲ್ಲ ಮುಚ್ಚುತ್ತವೆ. ಬೀದಿ ಸ್ಮಶಾನದಂತೆ ನಿಶ್ಶಬ್ದ. ಕತ್ತಲಾದ ಮೇಲೆ ಪೊಟ್ಟಣ ಕೇಳಲು ಮೆಟ್ಟಿಲೇರಿ ಗಂಟೆ ಒತ್ತಿದೆ.

ಬಾಗಿಲು ತೆರೆದ ಅಜ್ಜಿ ನನ್ನನ್ನು ನೋಡಿ, ಒಳಗೆ ತಿರುಗಿ, ನನಗೆ ತಿಳಿಯದ ಭಾಷೆಯಲ್ಲಿ ಏನೋ ಕೂಗಿ ಹೇಳಿದರು. ಆಮೇಲೆ ನನಗೆ ಜರ್ಮನಿನಲ್ಲಿ, "ಬನ್ನಿ, ನಿಮ್ಮ ತಟ್ಟೆ ಇಟ್ಟಿದೆ" ಎಂದರು.

ಮೇಜಿನ ಮೇಲೆ ಬಿಳಿಯ ಬಟ್ಟೆ, ಅದರ ಕೆಳಗೆ ಒಂದು ಹಿಡಿ ಒಣಹುಲ್ಲು. ಮಗಳು, ಅಳಿಯ, ಮೊಮ್ಮಗ ಕುಳಿತಿದ್ದರು. ಒಂದು ತಟ್ಟೆ ಖಾಲಿ. ಕ್ರಿಸ್ಮಸ್ಸಿನ ಹಿಂದಿನ ಸಂಜೆಯ ಈ ಊಟಕ್ಕೆ ಪೋಲರು "ವಿಗಿಲಿಯಾ" ಎನ್ನುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟ. ಕರೆಯದೆ ಬರುವ ಅತಿಥಿಗಾಗಿ ಒಂದು ತಟ್ಟೆ ಹೆಚ್ಚಿಗೆ ಇಡುವುದು ಪದ್ಧತಿ. "ಈ ಊರಿಗೆ ಬಂದು ಮೂವತ್ತು ವರ್ಷವಾಯಿತು. ವರ್ಷವರ್ಷವೂ ಇಡುತ್ತೇನೆ. ಯಾರೂ ಬಂದಿರಲಿಲ್ಲ" ಎಂದರು ಅಜ್ಜಿ. ತೆಳ್ಳನೆಯ ಹಪ್ಪಳದಂಥ ಬಿಲ್ಲೆಯನ್ನು ಒಬ್ಬರಿಗೊಬ್ಬರು ಮುರಿದುಕೊಂಡು ಶುಭ ಹೇಳಿಕೊಂಡರು. ನನಗೂ ಮುರಿದು ಕೊಟ್ಟರು.

ಅಂದಿನ ಅಡಿಗೆಯಲ್ಲಿ ಮಾಂಸವಿಲ್ಲ, ಮೀನುಂಟು. ಮೀನು ಮಾಂಸವಲ್ಲವೆಂಬುದು ಅವರ ಲೆಕ್ಕ. ನಾನು ಬೇಡವೆಂದಾಗ ಅಜ್ಜಿ ಮಾತಿಲ್ಲದೆ ಆ ತಟ್ಟೆಯನ್ನು ಅಳಿಯನ ಕಡೆಗೆ ಸರಿಸಿದರು. ಹುಳಿ ಬರಿಸಿದ ಬೀಟ್‌ರೂಟಿನ ಕೆಂಪು ತಿಳಿಸಾರು, ಅದರಲ್ಲಿ ತೇಲುವ ಅಣಬೆಯ ಪುಟ್ಟ ಕಡುಬು, ಎಲೆಕೋಸಿನ ಪಿಯೆರೋಗಿ, ಒಣಹಣ್ಣುಗಳ ಪಾನಕ. ಹನ್ನೆರಡು ಬಗೆ ಇರಬೇಕಂತೆ, ನಾನು ಎಣಿಸಲಿಲ್ಲ. ಕೊನೆಗೆ ಬಂದದ್ದು ಸಿಲೇಸಿಯದವರ "ಮಾಕುಫ್ಕಿ": ಗಸಗಸೆಯನ್ನು ಅರೆದು, ಹಾಲು ಜೇನು ದ್ರಾಕ್ಷಿಯೊಡನೆ ಬೇಯಿಸಿ, ಬ್ರೆಡ್ಡಿನ ಹೋಳುಗಳ ನಡುವೆ ಹರಡಿ ತಣಿಸಿದ್ದು. ಒಂದು ಚಮಚ ಬಾಯಿಗಿಟ್ಟವನು ತಲೆ ತಗ್ಗಿಸಿ ಸುಮ್ಮನಾದೆ. ಅದು ನಮ್ಮ ಮನೆಯ ಹಬ್ಬದ ಗಸಗಸೆ ಪಾಯಸದ ರುಚಿ. ಅಜ್ಜಿ ಏನಾಯಿತೆಂದು ಕೇಳಿದರು, ಹೇಳಿದೆ.

ಊಟವಾದ ಮೇಲೆ ಮಗಳು ಒಂದು ಮಾತು ಹೇಳಿದರು. ಚಿಕ್ಕಂದಿನಲ್ಲಿ ಟ್ರಾಮ್ ಹತ್ತುವ ಮುಂಚೆ ತಾಯಿ ಮಕ್ಕಳಿಗೆ, "ಇಳಿಯುವ ತನಕ ಬಾಯಿ ಬಿಡಬೇಡಿ" ಎನ್ನುತ್ತಿದ್ದರಂತೆ. ಪೋಲಿಷ್ ಮಾತು ಯಾರ ಕಿವಿಗೂ ಬೀಳದಿರಲಿ ಎಂದು. ಮೊಮ್ಮಗನಿಗೆ ಆ ಭಾಷೆ ಬಾರದು. ಅಜ್ಜಿ ಇದನ್ನು ಕೇಳಿಸಿಕೊಳ್ಳದವರಂತೆ ತಟ್ಟೆಗಳನ್ನು ಎತ್ತಿಟ್ಟರು.

ಮುಂದಿನ ವಾರ ಅವರ ಗಸಗಸೆಯಲ್ಲೇ ಪಾಯಸ ಮಾಡಿ ಒಯ್ದೆ. ಅಲ್ಲಿಯ ಗಸಗಸೆ ನೀಲಿಗಪ್ಪು; ಪಾಯಸ ಬೂದಿ ಕಲಸಿದಂತೆ ಕಂಡಿತು. ಅಜ್ಜಿ ಎರಡು ಬಟ್ಟಲು ಕುಡಿದು, ಶನಿವಾರ ಪಿಯೆರೋಗಿ ಕಲಿಯಲು ಬರಹೇಳಿದರು. ಅದಕ್ಕೆ ಬೇಕಾದ ಪೋಲಿಷ್ ಗಿಣ್ಣು ಗಟ್ಟಿ, ಉದುರು. ಜರ್ಮನರದು ಮೊಸರಿನಂತೆ ನೀರು. ಪೋಲಿಷ್ ಅಂಗಡಿಗಳಿಲ್ಲದ ದಿನಗಳಲ್ಲಿ ಅಜ್ಜಿ ಜರ್ಮನ್ ಗಿಣ್ಣನ್ನೇ ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೇತುಹಾಕುತ್ತಿದ್ದರು, ಶ್ರೀಖಂಡಕ್ಕೆ ನಾವು ಮೊಸರು ಕಟ್ಟುವ ಹಾಗೆ. ಈಗಲೂ ಹಾಗೆಯೇ ಮಾಡಿದ್ದರು. ಲಟ್ಟಿಸಿದ ಕಣಕವನ್ನು ಲೋಟದ ಬಾಯಿಂದ ಒತ್ತಿ ಬಿಲ್ಲೆ ಮಾಡಿ, ಹೂರಣವಿಟ್ಟು, ಅಂಚು ಚಿವುಟಿ, ಕುದಿಯುವ ನೀರಿಗೆ ಬಿಟ್ಟು, ತೇಲಿಬಂದಮೇಲೆ ತೆಗೆಯುವುದು. ಮೇಲಕ್ಕೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಹಂದಿಯ ಕೊಬ್ಬಿನ ಸುದ್ದಿಯೇ ಇಲ್ಲ.

ಮೊಮ್ಮಗನೂ ಅಂದು ಬಂದಿದ್ದ. ನಾನು ಒಂದೊಂದು ಸಾಮಾನಿನ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದೆ: ಹಿಟ್ಟು "ಮೋಂಕಾ", ಈರುಳ್ಳಿ "ತ್ಸೆಬುಲಾ". ಹುಡುಗ ನನ್ನ ಹಿಂದೆಯೇ ಹೇಳತೊಡಗಿದ. ಆಲೂಗೆಡ್ಡೆಗೆ ಅಜ್ಜಿ "ಕಾರ್ತೋಫ್ಲೆ" ಎಂದಾಗ, "ಅದು ಜರ್ಮನ್ ಮಾತಲ್ಲವೇ ಅಜ್ಜಿ?" ಎಂದು ತಡೆದ.

"ನಮ್ಮದೂ ಹೌದು. ಸುಮ್ಮನೆ ಸಿಪ್ಪೆ ಸುಲಿ" ಎಂದರು ಅಜ್ಜಿ.