ಹಿಂದಿನ ಬ್ರೇಕ್ ಕ್ಯಾಲಿಪರ್ ಜಾಮ್ ಆಯ್ತಾ? ಮನೆಯಂಗಳದಲ್ಲಿ ಎಲ್ಲಿವರೆಗೆ, ಮೆಕ್ಯಾನಿಕ್ ಯಾವಾಗ?

ಇವತ್ತಿನ ಪ್ರಶ್ನೆ ಇದು: ಕಾರಿನ ಹಿಂದಿನ ಬ್ರೇಕ್ ಕ್ಯಾಲಿಪರ್ ಕೆಟ್ಟರೆ ಮನೆಯಲ್ಲೇ ಬದಲಿಸಬಹುದಾ? ಉತ್ತರ ಮೊದಲೇ ಹೇಳಿಬಿಡ್ತೀನಿ. ಬದಲಿಸಬಹುದು. ಆದ್ರೆ ಬೋಲ್ಟ್ ಬಿಗಿದ ಕೂಡ್ಲೇ ಕೆಲಸ ಮುಗಿಯಲ್ಲ. ಪೆಡಲ್ ಗಟ್ಟಿಯಾಗಬೇಕು, ಹ್ಯಾಂಡ್‌ಬ್ರೇಕ್ ಎಳೆದಾಗ ಹಿಡೀಬೇಕು, ಇಳಿಸಿದಾಗ ಪೂರ್ತಿ ಬಿಡಬೇಕು. ಅಲ್ಲಿವರೆಗೆ ಕಾರು ಗೇಟ್ ದಾಟಬಾರದು.

ತಿತಿಮತಿಯನ್ನೇ ಉದಾಹರಣೆಗೆ ತಗೊಳ್ಳಿ. ಹುಣಸೂರು ಕಡೆಯಿಂದ ಆನೆಚೌಕೂರು ದಾಟಿ ಬಂದ್ರೆ ನಾಗರಹೊಳೆ ಕಾಡು. ದಾರಿಯಲ್ಲೇ ಮತ್ತಿಗೋಡು ಆನೆ ಶಿಬಿರ, ದಸರಾ ಅಂಬಾರಿ ಹೊತ್ತ ಅಭಿಮನ್ಯುವಿನ ಶಿಬಿರ. ಸಾಕಾನೆ ಮಾತ್ರ ಅಲ್ಲ, ತಿರುವು ದಾಟಿದ್ರೆ ಕಾಡಾನೆಯೇ ರಸ್ತೆಯಲ್ಲಿ ನಿಂತಿರಬಹುದು. ಇನ್ನೊಂದು ಕಡೆ ಗೋಣಿಕೊಪ್ಪ, ವಿರಾಜಪೇಟೆ, ಅಲ್ಲಿಂದ ಮುಂದೆ ಕೇರಳಕ್ಕೆ ಇಳಿಯೋ ಮಾಕುಟ್ಟ ಘಾಟಿ. ಅಂದ್ರೆ ಒಂದು ಕಡೆ ತಟ್ಟನೆ ನಿಲ್ಲಬೇಕು, ಇನ್ನೊಂದು ಕಡೆ ಮೈಲಿಗಟ್ಟಲೆ ಇಳಿಜಾರಲ್ಲಿ ಬ್ರೇಕ್ ಒತ್ತುತ್ತಾ ಹೋಗಬೇಕು. ಇದರ ಮೇಲೆ ಮಳೆಗಾಲ. ಕಕ್ಕಡದ ಮಳೆಯಲ್ಲಿ ವಾರಗಟ್ಟಲೆ ಕಾರು ಹ್ಯಾಂಡ್‌ಬ್ರೇಕ್ ಎಳೆದು ನಿಂತಿದ್ರೆ ಡಿಸ್ಕಿಗೆ ತುಕ್ಕು ಹಿಡಿದು ಪ್ಯಾಡ್ ಅಂಟಿಕೊಳ್ಳುತ್ತೆ, ಪಿನ್ನುಗಳೂ ಜಾಮ್ ಆಗ್ತವೆ.

ಮೊದಲು ನಿಮ್ಮ ಕಾರಿಗೆ ಹಿಂದೆ ಕ್ಯಾಲಿಪರ್ ಇದೆಯಾ ನೋಡಿ. ಆಲ್ಟೊ, ವ್ಯಾಗನ್ ಆರ್ ಥರದ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್. ಅದರಲ್ಲಿ ಕ್ಯಾಲಿಪರೇ ಇರಲ್ಲ, ಅದರ ಕೆಲಸ ಬೇರೆ. ಆಕ್ಟೇವಿಯಾ, ಎಕ್ಸ್‌ಯುವಿ700 ಅಂಥವಕ್ಕೆ ಹಿಂದೆಯೂ ಡಿಸ್ಕ್. ಚಕ್ರದ ಸಂದಿಯಲ್ಲಿ ಹೊಳೆಯೋ ತಟ್ಟೆ, ಅದನ್ನ ಕಚ್ಚಿಕೊಂಡ ಕಬ್ಬಿಣದ ಮುಷ್ಟಿ ಥರದ ಭಾಗ ಕಂಡ್ರೆ ಅದೇ ಕ್ಯಾಲಿಪರ್.

ಮುಂದಿನ ಕ್ಯಾಲಿಪರಿಗೂ ಹಿಂದಿನದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅನೇಕ ಕಾರುಗಳಲ್ಲಿ ಹಿಂದಿನದು ಎರಡು ಕೆಲಸ ಮಾಡುತ್ತೆ. ಪೆಡಲ್ ಒತ್ತಿದ್ರೆ ಎಣ್ಣೆಯ ಒತ್ತಡದಿಂದ ಪ್ಯಾಡ್ ಹಿಡಿಯುತ್ತೆ. ಹ್ಯಾಂಡ್‌ಬ್ರೇಕ್ ಎಳೆದ್ರೆ ಕೇಬಲ್ ಒಂದು ಲಿವರ್ ತಿರುಗಿಸಿ ಅದೇ ಪಿಸ್ಟನ್ನನ್ನ ತಳ್ಳುತ್ತೆ. ಅದಕ್ಕೇ ಒಳಗೆ ಸ್ಕ್ರೂ ಇರುತ್ತೆ. ಮುಂದಿನದರ ಥರ ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿದ್ರೆ ಅದು ಒಳಗೆ ಹೋಗಲ್ಲ, ಬಲ ಹಾಕಿದ್ರೆ ಮುರಿಯುತ್ತೆ. ತಿರುಗಿಸುತ್ತಾ ಒಳಗೆ ಕಳಿಸಬೇಕು, ಅದಕ್ಕೆ ಪ್ರತ್ಯೇಕ ಟೂಲ್ ಸಿಗುತ್ತೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ರೆ ಮೊದಲು ಸರ್ವಿಸ್ ಮೋಡಿಗೆ ಹಾಕಬೇಕು. ಅದಕ್ಕೆ ಬೇಕಾದ ಸ್ಕ್ಯಾನರ್ ನಿಮ್ಮ ಹತ್ರ ಇಲ್ಲ ಅಂದ್ರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೊಸ ಕ್ಯಾಲಿಪರ್ ತರೋಕೆ ಮುಂಚೆ ತಪ್ಪು ಯಾರದ್ದು ಅಂತ ಗೊತ್ತು ಮಾಡ್ಕೊಳ್ಳಿ. ಒಂದು ಹಿಂದಿನ ಚಕ್ರ ಮಾತ್ರ ಬಿಸಿ, ಸುಟ್ಟ ವಾಸನೆ, ಮೈಲೇಜ್ ಕಡಿಮೆ: ಇವು ಬ್ರೇಕ್ ಬಿಡದೇ ಇರೋದರ ಲಕ್ಷಣ. ಇದಕ್ಕೆ ಮೂರು ಜನ ಆರೋಪಿಗಳು. ಒಂದು, ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್. ಒಳಗಿನ ಪ್ಯಾಡ್ ಒಂದೇ ಜಾಸ್ತಿ ಸವೆದಿದ್ರೆ ಮೊದಲು ಇದರ ಮೇಲೆ ಅನುಮಾನ ಪಡಿ. ಪಿನ್ ಕ್ಲೀನ್ ಮಾಡಿ ಬ್ರೇಕಿಗೆಂದೇ ಸಿಗೋ ಸಿಲಿಕೋನ್ ಗ್ರೀಸ್ ಹಚ್ಚಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತೆ. ಎರಡು, ಹ್ಯಾಂಡ್‌ಬ್ರೇಕ್ ಕೇಬಲ್. ಕೇಬಲ್ ಕಳಚಿದ ಮೇಲೆ ಲಿವರ್ ತಾನಾಗೇ ಪೂರ್ತಿ ಹಿಂದಕ್ಕೆ ಬಂತು ಅಂದ್ರೆ ತಪ್ಪು ಕೇಬಲಿನದ್ದು. ಮೂರು, ಕ್ಯಾಲಿಪರ್. ಕೇಬಲ್ ಕಳಚಿದ್ರೂ ಲಿವರ್ ಅಲ್ಲೇ ಸಿಕ್ಕಿಕೊಂಡಿದೆ, ಪಿಸ್ಟನ್ ತಿರುಗಲ್ಲ, ಎಣ್ಣೆ ಸೋರ್ತಿದೆ ಅಂದ್ರೆ ಆಗ ಹೊಸದು ತನ್ನಿ.

ಈಗ ಕೆಲಸ. ಜಾಗ ಮಟ್ಟಸವಾಗಿ, ಗಟ್ಟಿಯಾಗಿ ಇರಬೇಕು. ಕಾಫಿ ಒಣಗಿಸೋ ಸಿಮೆಂಟ್ ಕಣ ಇದ್ರೆ ಒಳ್ಳೇದು. ಮಳೆಯಲ್ಲಿ ನೆನೆದ ಮಣ್ಣಿನ ಅಂಗಳ ಬೇಡ, ಜಾಕ್ ಹೂತುಹೋಗುತ್ತೆ. ಹ್ಯಾಂಡ್‌ಬ್ರೇಕ್ ಇಳಿಸಲೇಬೇಕಾದ ಕೆಲಸ ಇದು, ಹಾಗಾಗಿ ಗೇರ್ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಡಿ. ಚಕ್ರದ ನಟ್ಟುಗಳನ್ನ ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಡಲೇಬೇಕು. ಕಾರಿನ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸೋಕೆ ಮಾತ್ರ. ಅದನ್ನ ನಂಬಿ ಕೈ, ತಲೆ ಒಳಗೆ ಹಾಕಬೇಡಿ.

ಬ್ರೇಕ್ ಧೂಳನ್ನ ಬಾಯಲ್ಲಿ ಊದಬೇಡಿ, ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಬಳಸಿ. ಕೇಬಲ್ ಕಳಚಿ, ಹಳೇ ಕ್ಯಾಲಿಪರ್ ಬಿಚ್ಚಿ, ಎಣ್ಣೆಯ ಹೋಸ್ ಮಾತ್ರ ಕೊನೆಗೆ ಬಿಡಿಸಿ. ಆಗ ಎಣ್ಣೆ ಕಡಿಮೆ ಸೋರುತ್ತೆ. ಹೋಸಿನ ಬೋಲ್ಟಿಗೆ ಎರಡು ತಾಮ್ರದ ವಾಷರ್ ಇರ್ತವೆ, ಹಳೇದನ್ನ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಬೋಲ್ಟುಗಳನ್ನ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಲ್ಲಿ ಬಿಗಿಯಿರಿ. ಪ್ಯಾಡ್ ಹೊಸದಾದ್ರೆ ಎರಡೂ ಕಡೆ ಹೊಸದೇ ಇರಲಿ.

ಒಂದು ವಿಷಯ ಮರೀಬೇಡಿ. ಕ್ಯಾಲಿಪರಿಗೆ ಎಡ, ಬಲ ಅಂತ ಇರುತ್ತೆ. ಕೂರಿಸಿದ ಮೇಲೆ ಗಾಳಿ ಬಿಡೋ ನಿಪ್ಪಲ್ ಮೇಲ್ಗಡೆ ಇರಬೇಕು. ಕೆಳಗೆ ಬಂದಿದೆ ಅಂದ್ರೆ ಅದು ಇನ್ನೊಂದು ಬದಿಯದ್ದು. ಗಾಳಿ ಯಾವಾಗಲೂ ಮೇಲೇರುತ್ತೆ. ನಿಪ್ಪಲ್ ಕೆಳಗಿದ್ರೆ ಎಷ್ಟು ಪಂಪ್ ಮಾಡಿದ್ರೂ ಗಾಳಿ ಒಳಗೇ ಉಳಿಯುತ್ತೆ.

ಗಾಳಿ ತೆಗೆಯೋದಕ್ಕೆ ಇಬ್ಬರು ಬೇಕು. ಅಣ್ಣನೋ ತಂಗಿಯೋ ಸೀಟಲ್ಲಿ ಕೂತು ಪೆಡಲ್ ನಿಧಾನ ಒತ್ತಿ ಹಿಡೀಲಿ. ನೀವು ಪೈಪ್ ಸಿಕ್ಕಿಸಿದ ನಿಪ್ಪಲ್ ತೆರೆದು, ಎಣ್ಣೆ ಬಂದ ಮೇಲೆ ಮುಚ್ಚಿ. ಮುಚ್ಚಿದ ಮೇಲೇನೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋವರೆಗೂ ಹೀಗೇ ಮಾಡ್ತಾ ಇರಿ. ನಡುನಡುವೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ತುಂಬಿಸ್ತಾ ಇರಿ. ಅದು ಖಾಲಿಯಾಗಿ ಎಬಿಎಸ್ ಒಳಗೆ ಗಾಳಿ ಹೋದ್ರೆ ಮನೆಯಲ್ಲಿ ತೆಗೆಯೋದು ಕಷ್ಟ.

ಎಣ್ಣೆ ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ. ಸೀಲ್ ಒಡೆಯದ ಹೊಸ ಬಾಟ್ಲಿಯನ್ನೇ ಬಳಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 4 ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತೆ. ಮಾಕುಟ್ಟ ಇಳಿಯುವಾಗ ಎಣ್ಣೆ ಕುದ್ದು ಆವಿಯಾದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ. ಕೊಡಗಿನ ತೇವದಲ್ಲಿ ಇದು ಪುಸ್ತಕದ ಮಾತಲ್ಲ. ಇನ್ನು ಹಳೇ ಎಣ್ಣೆಯನ್ನ ಕಾಫಿ ಗಿಡದ ಬುಡಕ್ಕೋ ತೋಡಿಗೋ ಸುರಿಯಬೇಡಿ. ಬಾಟ್ಲಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಕೊನೆಗೆ ಪರೀಕ್ಷೆ. ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಪೆಡಲ್ ಪಂಪ್ ಮಾಡಿ, ಗಟ್ಟಿಯಾಗಬೇಕು. ಸ್ಟಾರ್ಟ್ ಮಾಡಿ, ಒಂದು ನಿಮಿಷ ಒತ್ತಿ ಹಿಡಿಯಿರಿ, ನಿಧಾನಕ್ಕೆ ಕೆಳಗಿಳೀಬಾರದು. ಸೋರಿಕೆ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು ಬಿಡಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಮೇಲೆ ಕಾರು ಇಳಿಸಿ, ಮಟ್ಟಸ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಿ.

ಪೆಡಲ್ ಸ್ಪಂಜಿನ ಥರ ಮೆತ್ತಗಿದೆಯಾ? ನಿಪ್ಪಲ್ ಮುರೀತಾ? ಬೋಲ್ಟಿನ ಮರೆ ಹೋಯ್ತಾ? ಅಲ್ಲಿಗೆ ನಿಲ್ಲಿಸಿ. ‘ಗೋಣಿಕೊಪ್ಪದವರೆಗೆ ತಾನೇ, ಮೆಲ್ಲಗೆ ಓಡಿಸ್ಕೊಂಡು ಹೋಗೋಣ’ ಅಂತ ಹೊರಡಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಅವರ ಬಾಡಿಗೆ ಕೊಡೋದು ನಷ್ಟ ಅಲ್ಲ. ಎದುರಿಗೆ ಬರೋ ಸ್ಕೂಲ್ ವ್ಯಾನಿನವರು ನಿಮ್ಮ ಬ್ರೇಕನ್ನ ನಂಬಿಕೊಂಡೇ ಬರ್ತಿರ್ತಾರೆ.

ಇನ್ನೊಂದು ಮಾತು, ಇದಕ್ಕೆ ಖರ್ಚೇ ಇಲ್ಲ. ಮಳೆಗಾಲದಲ್ಲಿ ಕಾರು ತುಂಬಾ ದಿನ ನಿಲ್ಲಿಸೋದಾದ್ರೆ ಮಟ್ಟಸ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿಬಿಡಿ. ವಾರಕ್ಕೊಮ್ಮೆ ಒಂದು ಸುತ್ತು ಓಡಿಸಿ. ಕ್ಯಾಲಿಪರ್ ಬದಲಿಸೋ ಕೆಲಸವೇ ಬರದೇ ಹೋಗಬಹುದು.